ಸೈಕಲ್ಲಿಗೆ ತುಂಬಿದ ಉಡಿ

ನಾನು ಒಂದು ಸೈಕಲ್ಲು. ಹಾಗೆಂದ ಕೂಡಲೇ ಹಾಲಿನ ಕ್ಯಾನು ಹೊತ್ತ ಕಬ್ಬಿಣದ ಆಸಾಮಿ ನಿಮ್ಮ ಕಣ್ಣ ಮುಂದೆ ಬಂದು ನಿಂತಿದ್ದರೆ ದಯಮಾಡಿ ಅವನನ್ನು ಆಚೆ ಕಳಿಸಿ. ನಾನು ರೇಸಿನ ಸೈಕಲ್ಲು. ನನಗೆ ಕ್ಯಾರಿಯರ್ ಇಲ್ಲ, ಬೆಲ್ ಇಲ್ಲ, ಸ್ಟ್ಯಾಂಡ್ ಕೂಡ ಇಲ್ಲ. ಗೋಡೆಗೆ ಒರಗಿಸದಿದ್ದರೆ ಬಿದ್ದೇ ಬಿಡುತ್ತೇನೆ. ಹುಟ್ಟಿದ್ದು ತೈವಾನಿನ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸರು ಕಾರ್ಬನ್ ಎಂಬ ಕಪ್ಪು ಬಟ್ಟೆಗೆ ಅಂಟು ಹಾಕಿ, ಪದರ ಪದರವಾಗಿ ಅಚ್ಚಿನಲ್ಲಿ ಹಾಸಿ, ಕಾವಿನಲ್ಲಿಟ್ಟು ಬೇಯಿಸಿ ನನ್ನ ಮೈ ಮಾಡಿದರು. ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ. ಕಬ್ಬಿಣದವನಿಗೆ ಪೆಟ್ಟು ಬಿದ್ದರೆ ಬಾಗುತ್ತಾನೆ, ಕಿರುಗುಟ್ಟುತ್ತಾನೆ, ನಾಲ್ಕು ಜನಕ್ಕೆ ಕೇಳುವಂತೆ ನರಳುತ್ತಾನೆ. ನಮ್ಮ ಜಾತಿಗೆ ಆ ಭಾಗ್ಯವಿಲ್ಲ. ಒಳಗೊಳಗೇ ಸೀಳಿ, ಹೊರಗೆ ಬಣ್ಣ ಹೊಳೆಸುತ್ತ ನಿಂತಿರುತ್ತೇವೆ.

ಮೊದಲು ನನ್ನನ್ನು ಕೊಂಡವರು ಬೆಳಗಾವಿಯ ಮೂಳೆ ಡಾಕ್ಟರು, ಕುಲಗೋಡ ಅಂತ. ಹೊಟ್ಟೆ ಕರಗಿಸಲು ಕೊಂಡರು. ಒಮ್ಮೆ ಯಾವುದೋ ಪಂದ್ಯಕ್ಕೆಂದು ನನ್ನನ್ನು ವಿಮಾನದಲ್ಲೂ ಕರೆದೊಯ್ದರು. ಅದಕ್ಕೆಂದೇ ಒಂದು ಗಟ್ಟಿ ಪೆಟ್ಟಿಗೆ ತರಿಸಿದ್ದರು. ಒಳಗೆ ಮೆತ್ತನೆಯ ಹಾಸು, ಪ್ರತಿ ಅಂಗಕ್ಕೂ ಒಂದು ಪಟ್ಟಿ. ಅರಸೊತ್ತಿಗೆ ಅಂದರೆ ಅದು! ಆಮೇಲೆ ಅವರಿಗೆ ಬೆನ್ನುನೋವು ಬಂತು, ನಾನು ಬಾಲ್ಕನಿ ಸೇರಿದೆ. ಕೊನೆಗೆ ವಿಜಯಪುರದ ಕ್ರೀಡಾ ಹಾಸ್ಟೆಲಿಗೆ ನನ್ನನ್ನು ದಾನ ಕೊಟ್ಟರು. ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಶಾಲು ಹೊದ್ದ ಡಾಕ್ಟರು ಪೂರ್ತಿ ಇದ್ದರು, ನಾನು ಮುಕ್ಕಾಲು ಇದ್ದೆ, ನನ್ನನ್ನು ಓಡಿಸಬೇಕಾದ ಹುಡುಗಿಯ ಒಂದು ಕಿವಿ ಇತ್ತು. ಪೆಟ್ಟಿಗೆಯನ್ನು ಮಾತ್ರ ಕೊಡಲಿಲ್ಲ. ಡಾಕ್ಟರ ಹೆಂಡತಿ ಅದರಲ್ಲಿ ರಜಾಯಿ ತುಂಬಿಟ್ಟಿದ್ದರು.

ಆ ಕಿವಿಯ ಒಡತಿಯೇ ಶಿವಲೀಲಾ. ತಿಕೋಟಾ ಕಡೆಯ ಹುಡುಗಿ. ತಾಯಿ ಇಲ್ಲ, ಸಾಕಿದವಳು ಅಜ್ಜಿ ತಂಗೆವ್ವ. ಅವಳನ್ನು ಇವಳು ಆಯಿ ಅನ್ನುತ್ತಾಳೆ. ಆಯಿ ದ್ರಾಕ್ಷಿ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿ ಆರಿಸುವವಳು. ಶಿವಲೀಲಾ ನನ್ನ ಮೇಲೆ ಮೊದಲ ಸಲ ಕೂತಾಗಲೇ ನನಗೆ ಗೊತ್ತಾಯಿತು, ಇಷ್ಟು ದಿನ ನನ್ನನ್ನು ಯಾರೂ ಓಡಿಸಿಯೇ ಇರಲಿಲ್ಲ ಅಂತ. ಎದುರುಗಾಳಿಯಲ್ಲಿ ಸೊಲ್ಲಾಪುರ ರಸ್ತೆಯಲ್ಲಿ ಅವಳು ತುಳಿದರೆ ಲಾರಿಯವರು ಹಾರ್ನ್ ಹೊಡೆಯುವುದನ್ನೇ ಮರೆತು ನೋಡುತ್ತಿದ್ದರು. ಬೀಳುವಾಗ ಬೈಯುತ್ತಿದ್ದಳು, ಗೆದ್ದಾಗಲೂ ಬೈಯುತ್ತಿದ್ದಳು. ನನ್ನನ್ನು ಒರೆಸುವುದು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಅವಳಿಗೆ ಹದಿನೆಂಟು ತುಂಬಿದ ವರ್ಷ ಗುವಾಹಟಿಯಿಂದ ಕರೆ ಬಂತು. ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆ. ಒಬ್ಬೊಬ್ಬರಾಗಿ ಓಡಿಸಬೇಕು, ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಟ್ಟಿದ ಇಬ್ಬರಿಗೆ ಜಾಗ. ಗೆದ್ದರೆ ಅಲ್ಲಿಂದಲೇ ಶಿಬಿರಕ್ಕೆ. ಹಾಸ್ಟೆಲಿನ ವಯಸ್ಸು ಮುಗಿದಿತ್ತು, ಸೋತರೆ ಮಂಚ ಬಿಟ್ಟುಕೊಟ್ಟು ಆಯಿಯ ಪಕ್ಕದಲ್ಲಿ ಕೂತು ದ್ರಾಕ್ಷಿ ಆರಿಸಬೇಕು. ಅದನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಚೈನಿಗೆ ಎಣ್ಣೆ ಬಿಡುತ್ತ ನನಗೆ ಹೇಳಿದಳು.

ನಮ್ಮ ಹಾಸ್ಟೆಲಿನವರು ಯಾವಾಗಲೂ ರೈಲಿನಲ್ಲಿ ಹೋಗುವವರು, ಸೈಕಲ್ಲು ಬರ್ತಿನ ಕೆಳಗೆ, ಕಾಲು ಸೈಕಲ್ಲಿನ ಮೇಲೆ. ಈ ಸಲ ಸುದ್ದಿ ತಡವಾಗಿ ಬಂದದ್ದರಿಂದ ವಿಮಾನವೇ ಗತಿಯಾಯಿತು. ಕೋಚ್ ಮಾಲಗತ್ತಿ ಸರ್ ಅಂಗಡಿಯಿಂದ ಒಂದು ರಟ್ಟಿನ ಡಬ್ಬ ತಂದು ನನ್ನನ್ನು ಬಿಚ್ಚಿದರು. ಚಕ್ರ ತೆಗೆದರು, ಪೆಡಲ್ ತೆಗೆದರು, ಹ್ಯಾಂಡಲ್ ತಿರುವಿ ಮೈಗೆ ಕಟ್ಟಿದರು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಎರಡು ಕಾಲುಗಳ ನಡುವೆ ಕಟ್ಟಿಗೆಯ ತುಂಡೊಂದನ್ನು ಅಳತೆಗೆ ಕೊಯ್ದು ಬಿಗಿಯಾಗಿ ಕೂರಿಸಿದರು.

“ಶಿವಲೀ, ಏನ ಮರತರೂ ಈ ತುಂಡ ಮರೀಬ್ಯಾಡ. ಇದು ಇರಲಿಲ್ಲಂದ್ರ, ಮ್ಯಾಲ ವಜ್ಜಿ ಬಿದ್ದಾಗ ಎರಡೂ ಕಾಲು ಒಳಗ ಒತ್ತಿ ಸೀಳತಾವು,” ಅಂದರು.

“ಆತ್ರಿ ಸರ್,” ಅಂದಳು.

ಸರ್ ಟೇಪ್ ತರಲು ಹೋದಾಗ ಆಯಿ ಬಂದಳು. ಹಣೆ ತುಂಬ ಕುಂಕುಮ, ಕೈಯಲ್ಲೊಂದು ಹಿತ್ತಾಳೆ ತಾಟು. ತಾಟಿನಲ್ಲಿ ಅಕ್ಕಿ, ಐದು ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಮೇಲೊಂದು ಕೆಂಪು ಕುಪ್ಪಸದ ಖಣ. ಮೊಮ್ಮಗಳಿಗೆ ಉಡಿ ತುಂಬಲು ಬಂದಿದ್ದಳು.

“ಇಷ್ಟ ದೂರ ಹೋಗೂ ಹೆಣ್ಣುಮಗಳು ಬರೇ ಉಡೀಲೆ ಹೋಗಬಾರದವ್ವ. ಸೆರಗ ಒಡ್ಡು,” ಅಂದಳು.

ಶಿವಲೀಲಾ ತನ್ನ ಟ್ರ್ಯಾಕ್ ಸೂಟನ್ನು ತಾನೇ ನೋಡಿಕೊಂಡು ನಕ್ಕಳು. “ಇದ್ರಾಗ ಸೆರಗ ಎಲ್ಲಿಂದ ತರಲಿ ಆಯಿ? ಸೈಕಲ್ಲಿಗೇ ತುಂಬಿಬಿಡು. ಓಡೂದು ಅದ ಅಲ್ಲೇನು?”

ಚೇಷ್ಟೆಗೆ ಅಂದ ಮಾತು. ಆಯಿ ಚೇಷ್ಟೆಯೆಂದು ತಿಳಿಯಲಿಲ್ಲ. ಒಂದು ಗಳಿಗೆ ಯೋಚಿಸಿ, “ಖರೇನ ಹೇಳಿದಿ,” ಅಂದವಳೇ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು ನನಗೆ ಅರಿಷಿಣ ಕುಂಕುಮ ಹಚ್ಚಿದಳು. ಎಲ್ಲವನ್ನೂ ಖಣದಲ್ಲಿ ಕಟ್ಟಿ, ನನ್ನ ನಡುವಿನ ಕೊಳವೆಗೆ ಬಿಗಿಯಾಗಿ ಗಂಟು ಹಾಕಿದಳು. “ಮುಟ್ಟಿದ ಊರಾಗ ದೇವರ ಮುಂದ ಬಿಚ್ಚಿ ಆ ಅಕ್ಕಿ ಕುದಿಸಿ ಉಣ್ಣು. ಹಾದ್ಯಾಗ ಬಿಚ್ಚಬ್ಯಾಡ, ಹ್ವಾದ ಕೆಲಸ ಕೆಡತೈತಿ,” ಅಂದಳು. ಡಾಕ್ಟರು ಶಾಲು ಹೊದ್ದು ನನ್ನ ಪಕ್ಕ ನಿಂತಿದ್ದರೇ ಹೊರತು ನನ್ನನ್ನು ಹೀಗೆ ಯಾರೂ ಮುಟ್ಟಿರಲಿಲ್ಲ. ನನಗೆ ಹೇಳಲಾರದಷ್ಟು ಸುಖವಾಯಿತು. ಸರ್ ಬಂದು, ಒಳಗೆ ನೋಡದೆ, ಡಬ್ಬಕ್ಕೆ ಟೇಪ್ ಸುತ್ತಿದರು.

ವಿಮಾನ ನಿಲ್ದಾಣದ ಬಾಗಿಲವರೆಗೆ ಸರ್ ಬಂದರು, ಮುಂದೆ ಅವಳೊಬ್ಬಳೇ. ಕೌಂಟರಿನ ಹುಡುಗಿ ಒಂದು ಚಿತ್ರಪಟ ತೋರಿಸಿ, ಬ್ಯಾಟರಿ, ಪಟಾಕಿ, ಲೈಟರ್, ಒಣಕೊಬ್ಬರಿ ಇಂಥದ್ದೇನಾದರೂ ಇದೆಯಾ ಎಂದು ಕೇಳಿದಳು. ಶಿವಲೀಲಾ ಇಲ್ಲ ಅಂದಳು. ಅವಳು ಸುಳ್ಳು ಹೇಳಲಿಲ್ಲ, ನನ್ನಾಣೆ. ಕೊಬ್ಬರಿ ಅಂದರೆ ಅವಳ ಪಾಲಿಗೆ ಅಡುಗೆಮನೆಯ ಡಬ್ಬಿಯಲ್ಲಿರುವುದು. ಆಯಿ ಕಟ್ಟಿದ್ದು ಉಡಿ. ಉಡಿಯನ್ನು ಯಾರಾದರೂ ಸಾಮಾನು ಅಂತ ಲೆಕ್ಕ ಹಿಡಿಯುತ್ತಾರೆಯೇ?

ಒಳಗಿನ ಎಕ್ಸ್‌ರೇ ಯಂತ್ರ ಕೊಬ್ಬರಿಯನ್ನು ಹಿಡಿಯಿತು. ನನ್ನನ್ನು ಪಕ್ಕಕ್ಕೆಳೆದರು. ವಿಮಾನ ಹತ್ತಲು ಸಾಲಿನಲ್ಲಿ ನಿಂತಿದ್ದವಳನ್ನು ಕೌಂಟರಿನ ಹುಡುಗಿಯೇ ಕರೆತಂದಳು. ಕಾವಲಿನ ಅಧಿಕಾರಿ ಟೇಪ್ ಕೊಯ್ಯಿಸಿ ಡಬ್ಬ ತೆರೆಸಿ, ಕೆಂಪು ಗಂಟಿನತ್ತ ಬೆರಳು ತೋರಿಸಿದ.

“ಮೇಡಂ, ಕೊಬ್ಬರಿ ಬಿಡಲ್ಲ. ಅದರಲ್ಲಿ ಎಣ್ಣೆ ಇರುತ್ತೆ, ಬೆಂಕಿ ಹತ್ತುತ್ತೆ,” ಅಂದಳು ಹುಡುಗಿ.

“ಅದು ಕೊಬ್ಬರಿ ಅಲ್ರಿ. ಉಡಿ.”

“ಉಡಿಯಲ್ಲಿ ಏನಿದೆ?”

“ಕೊಬ್ಬರಿ.”

“ಬೇಗ ಬಿಚ್ಚಿ ಕೊಡಿ. ಬಾಗಿಲು ಹಾಕ್ತಾರೆ.”

“ನಮ್ಮ ಆಯಿ ತುಂಬ್ಯಾಳ್ರಿ. ಹಾದ್ಯಾಗ ಬಿಚ್ಚಬಾರದ್ರಿ. ನನ್ನ ಚೀಲದಾಗ ಇಟಗೋತೇನಿ, ಬಿಡ್ರಿ.”

“ಅದರಲ್ಲೂ ಬಿಡಲ್ಲ, ಅರ್ಥ ಮಾಡ್ಕೊಳಿ.”

ಅವಳ ಕೈ ಗಂಟಿನ ಮೇಲೆ ಹೋಯಿತು, ಬಿಚ್ಚಲು ಏಳಲಿಲ್ಲ. ಅಧಿಕಾರಿ ಗಡಿಯಾರ ನೋಡಿ, ಸಾಮಾನು ಹೊರುವವನಿಗೆ ಕಣ್ಸನ್ನೆ ಮಾಡಿದ. ಅವನು ಬ್ಲೇಡ್ ಹಾಕಿ ಎಳೆದ. ಖಣ ಹರಿಯಿತು. ಅಕ್ಕಿ ಅಷ್ಟೂ ನೆಲಕ್ಕೆ ಸುರಿಯಿತು. ಕೊಬ್ಬರಿ ಬಟ್ಟಲುಗಳು ಉರುಳಿ ಅವರ ಬೂಟಿನ ನಡುವೆ ಹೋದವು. ಡಬ್ಬದೊಳಗೆ ಬಿದ್ದದ್ದನ್ನು ತೆಗೆಯಲು ಅವನು ನನ್ನನ್ನು ಹೊರಗೆತ್ತಿ ಜಾಡಿಸಿದ, ಫೋರ್ಕಿನ ಕಟ್ಟಿಗೆಯನ್ನು ಕಿತ್ತು ಮೇಜಿನ ಮೇಲಿಟ್ಟ.

ಆಗ ಅವಳು ನನ್ನನ್ನು ನೋಡಬೇಕಿತ್ತು. ಸರ್ ಹೇಳಿದ್ದೇ ಆ ಒಂದು ಮಾತು. ಆದರೆ ಉಡಿಯ ಅಕ್ಕಿ ಕಾಲಿಗೆ ಸಿಗಬಾರದು ಎಂದು ಅವಳ ಮೈಯಲ್ಲೇ ಬರೆದಿತ್ತು. ಮೊಣಕಾಲೂರಿ ಎರಡೂ ಕೈಯಲ್ಲಿ ಬಾಚುತ್ತಿದ್ದಳು, “ತುಳೀಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ, ತುಳೀಬ್ಯಾಡ್ರಿ,” ಎನ್ನುತ್ತ. ಅಯ್ಯೋ ಹುಚ್ಚು ಹುಡುಗಿ, ತಲೆ ಎತ್ತೇ! ನನಗೆ ಬಾಯಿದ್ದಿದ್ದರೆ ಆ ಕಟ್ಟಡ ಬಿರಿಯುವಂತೆ ಕೂಗುತ್ತಿದ್ದೆ. ಹೊರುವವನು ನನ್ನನ್ನು ಒಳಗೆ ತುರುಕಿ ಟೇಪ್ ಹಚ್ಚಿದ. ಕಟ್ಟಿಗೆ ತುಂಡು ಮೇಜಿನ ಮೇಲೆಯೇ ಉಳಿಯಿತು, ಅರ್ಧ ಬಾಚಿದ ಅಕ್ಕಿ ನೆಲದ ಮೇಲೆ.

ವಿಮಾನದ ಹೊಟ್ಟೆಯಲ್ಲಿ ನನ್ನ ಮೇಲೆ ಏನೇನು ಹೇರಿದರೋ ನನಗೆ ಕಾಣಲಿಲ್ಲ. ನಡುದಾರಿಯಲ್ಲಿ ವಿಮಾನ ಬದಲಾಯಿಸುವಾಗ ಯಾರೋ ಡಬ್ಬವನ್ನು ಮೇಲಿಂದ ಎಸೆದರು. ಫೋರ್ಕಿನ ಎಡಗಾಲು ಒಳಕ್ಕೆ ಒತ್ತಿ, ಬಣ್ಣದ ಕೆಳಗೆ ಒಂದು ಕೂದಲೆಳೆಯಷ್ಟು ಸೀಳಿತು. ಡಾಕ್ಟರ ಮನೆಯ ರಜಾಯಿಗಳು ಆಗ ಸುಖವಾಗಿ ಮಲಗಿರಬೇಕು!

ಗುವಾಹಟಿಯಲ್ಲಿ ಡಬ್ಬ ತೆರೆದ ಕೂಡಲೇ ಅವಳು ಕಟ್ಟಿಗೆ ಹುಡುಕಿದಳು. ಸಿಗದೆ ಡಬ್ಬವನ್ನೇ ತಲೆಕೆಳಗು ಮಾಡಿದಳು. ಫೋರ್ಕಿನ ಮೇಲೆ ಉಗುರಾಡಿಸಿದಳು, ಬೆಳಕಿಗೆ ಹಿಡಿದಳು, ಏನೂ ಕಾಣಲಿಲ್ಲ. ಸರ್‌ಗೆ ಫೋನ್ ಹಚ್ಚಿದಳು.

“ಚಕ್ರ ನೆಟ್ಟಗ ಕುಂತೈತೇನು?” ಅಂದರು ಸರ್.

“ಕುಂತೈತ್ರಿ.”

“ಅಲಗಾಡತೈತೇನು?”

“ಇಲ್ರಿ.”

“ಹಂಗಾದ್ರ ಅಂಜಬ್ಯಾಡ. ಕಣ್ಣ ಮುಚ್ಚಿ ಹೊಡಿ.”

ಬೇರೆ ಸೈಕಲ್ಲು ಎಲ್ಲಿಂದ ತಂದಾಳು? ಹೊಡೆದಳು. ಅವತ್ತು ಅವಳು ತುಳಿದಂತೆ ಎಂದೂ ತುಳಿದಿರಲಿಲ್ಲ. ತಿರುವಿನಲ್ಲಿ ನಿಂತಿದ್ದವರು ಅಲ್ಲಿಯವರೆಗೆ ಬಂದವರಲ್ಲಿ ಇವಳೇ ಮುಂದೆ ಎಂದು ಕೂಗಿ ಹೇಳಿದರು. ಅದು ಅವಳ ಕಿವಿಗೆ ಬಿತ್ತು, ಯಾಕೆಂದರೆ ನನ್ನ ಹ್ಯಾಂಡಲ್ ಮೇಲೆ ಅವಳ ಹಿಡಿತ ಇನ್ನೂ ಬಿಗಿಯಾಯಿತು. ನಾನು ಸೀಳಿದ ಕಾಲನ್ನು ಹಲ್ಲು ಕಚ್ಚಿ ಹಿಡಿದಿದ್ದೆ. ಇನ್ನೊಂದು ಚೂರು, ಇನ್ನೊಂದು ಚೂರು ಅನ್ನುತ್ತಿದ್ದೆ. ಒಂದು ಸೇತುವೆಯ ಬಾಯಲ್ಲಿ ರಸ್ತೆ ಸಣ್ಣಗೆ ಎತ್ತರವಾಗಿತ್ತು, ಎಮ್ಮೆಗಾಡಿಯೂ ಲೆಕ್ಕಿಸದಷ್ಟು. ನನ್ನ ಎಡಗಾಲು ಮುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳು ಹಾರಿ ಬಿದ್ದಳು. ಮೊಣಕೈ, ತೊಡೆ ಸುಲಿದು ರಕ್ತ ಬಂತು, ಮೂಳೆ ಮುರಿಯಲಿಲ್ಲ. ಎದ್ದು ಬಂದು ನನ್ನನ್ನು ಹೆಗಲಿಗೇರಿಸಿಕೊಂಡು ಓಡತೊಡಗಿದಳು. ಹಿಂದೆ ಹೊರಟವರು ಒಬ್ಬೊಬ್ಬರಾಗಿ ಪಕ್ಕದಲ್ಲೇ ದಾಟಿ ಹೋದರು. ಯಾರೋ ಗಾಡಿ ನಿಲ್ಲಿಸಿ, ಸಾಕು ಕೂರಮ್ಮ ಎಂದು ಸನ್ನೆ ಮಾಡಿದರು. ಅವಳು ಕೂರಲಿಲ್ಲ. ಗೆರೆ ದಾಟುವ ಹೊತ್ತಿಗೆ ಅಲ್ಲಿ ಕುರ್ಚಿ ಮಡಚುತ್ತಿದ್ದರು.

ಊರಿಗೆ ರೈಲಿನಲ್ಲಿ ಬಂದೆವು. ನನ್ನ ಚಕ್ರಗಳನ್ನು ಹಾಸ್ಟೆಲಿನ ಇನ್ನೊಬ್ಬ ಹುಡುಗಿಗೆ ಕೊಟ್ಟರು, ಹ್ಯಾಂಡಲ್ ಮತ್ತೊಬ್ಬಳಿಗೆ, ಸೀಟು ಇನ್ಯಾರಿಗೋ. ಅವರು ಚೆನ್ನಾಗಿ ಓಡಿಸುತ್ತಾರಂತೆ, ಓಡಿಸಲಿ. ಉಳಿದ ಮೈಯನ್ನು ಸಾಮಾನಿನ ಕೋಣೆಯಲ್ಲಿ ಒಂದು ಮೊಳೆಗೆ ನೇತುಹಾಕಿದರು. ಕಬ್ಬಿಣವಾಗಿದ್ದರೆ ಗುಜರಿಯವನಾದರೂ ಒಯ್ಯುತ್ತಿದ್ದ. ಕಾರ್ಬನ್ನಿಗೆ ಆ ಮರ್ಯಾದೆಯೂ ಇಲ್ಲ. ಕರಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಸುಮ್ಮನೆ ಇರುತ್ತದೆ. ಸಾಯಲಿಕ್ಕೂ ಒಂದು ಯೋಗ್ಯತೆ ಬೇಕು ಅಂತ ನನಗೆ ಈಗ ಗೊತ್ತಾಗಿದೆ.

ಮಂಚ ಬಿಟ್ಟುಕೊಡುವ ದಿನ ಅವಳನ್ನು ಕರೆದೊಯ್ಯಲು ಆಯಿ ಬಂದಿದ್ದಳು. ಕೋಣೆಗೆ ಬಂದು ನನ್ನನ್ನು ನೋಡಿ, ಬಾಗಿಲಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು ಮುರಿದ ಕಾಲನ್ನು ಸವರಿದಳು.

“ಉಡಿ ಏನ ಮಾಡಿದ್ಯವ್ವ?” ಎಂದು ಮೊಮ್ಮಗಳನ್ನು ಕೇಳಿದಳು.

ಶಿವಲೀಲಾ ನನ್ನ ಕಡೆ ಒಮ್ಮೆ ನೋಡಿದಳು. ಮೊಣಕೈಯ ಗಾಯ ಇನ್ನೂ ಹಸಿಯಾಗಿತ್ತು. “ಅಲ್ಲೇ ದೇವರ ಮುಂದ ಬಿಚ್ಚಿ ಕುದಿಸಿ ಉಂಡೆ ಆಯಿ,” ಅಂದಳು.

ಆಯಿ ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದಳು. “ತಾಯಿ, ನೀ ಮುರದಿ ಖರೆ, ನನ್ನ ಕೂಸಿನ ಒಂದ ಎಲಬೂ ಮುರೀಗೊಡಲಿಲ್ಲ. ನೋಡವ್ವ ಶಿವಲೀ, ನೀ ಅವತ್ತ ನಕ್ಕಿದ್ದಿ. ಉಡಿ ತುಂಬಿದ್ದಕ್ಕ ನೀ ಉಳದಿ.”

“ಹೂಂ ಆಯಿ,” ಅಂದಳು ಶಿವಲೀಲಾ. “ಅದರಿಂದನ ಉಳದೆ.”

ಆಯಿ ಮುಂದೆ, ಅವಳು ಹಿಂದೆ, ಇಬ್ಬರೂ ದ್ರಾಕ್ಷಿ ಶೆಡ್ಡಿನ ಕಡೆ ಹೋಗುವ ಬಸ್ಸಿಗೆ ನಡೆದರು.