ಕೋನಪ್ಪನ ಸಿಟ್ಟು

ಹುಟ್ಟಿನಿಂದಲೇ ಬುದ್ಧಿಮಾಂದ್ಯನಾದ, ನಲವತ್ತು ದಾಟಿದ ಕೋನಪ್ಪ ಊಟದ ತಟ್ಟೆ ಎಸೆಯತೊಡಗಿದ. ಅಕ್ಕ ಲಕ್ಷ್ಮಿದೇವಮ್ಮ ತಾಯಿತ ಕಟ್ಟಿಸಿದಳು, ಹೊಟ್ಟೆಹುಳುವಿಗೆ ಔಷಧಿ ಕುಡಿಸಿದಳು. ಎರಡೂ ನಾಟದೆ ಚಿಕ್ಕಬಳ್ಳಾಪುರದಿಂದ ಮನಶ್ಶಾಸ್ತ್ರಜ್ಞೆ ಸಂಘಮಿತ್ರಳನ್ನು ಕರೆಸಿದಳು.

ಸಂಘಮಿತ್ರ ದಿಬ್ಬೂರಹಳ್ಳಿಗೆ ಬಂದಾಗ ಅವನು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ.

"ಅವನಿಗೇನ್ ದುಃಖ ಇರುತ್ತಮ್ಮ? ಅದ್ಕೂ ಬುದ್ಧಿ ಬೇಕಲ್ಲ," ಎಂದಳು ಅಕ್ಕ.

ಸಂಘಮಿತ್ರ ಅವನ ಪಕ್ಕ ಕೂತಳು. "ಬೇಜಾರಾಗಿದ್ಯಾ, ಕೋನಪ್ಪಣ್ಣ?"

"ಹೂಂ."

ಬಂದ ಕೆಲಸ ಇಷ್ಟು ಸಲೀಸೇ ಎಂದು ಅವಳಿಗೆ ಹಿಗ್ಗಾಯಿತು. "ಖುಷಿಯಾಗಿದ್ಯಾ?"

"ಹೂಂ."

"ನಿದ್ದೆ ಬರುತ್ತಾ?"

"ಹೂಂ."

"ಬರಲ್ವಾ?"

"ಹೂಂ."

ಸಂಘಮಿತ್ರಳಿಗೆ ಅನುಮಾನ ಬಂತು. "ನೀವು ತಹಸೀಲ್ದಾರ್ರಾ?"

"ಹೂಂ," ಎಂದ ಕೋನಪ್ಪ, ಸ್ವಲ್ಪ ನೆಟ್ಟಗೆ ಕೂತು.

ಅವಳು ನಗುವ ಮುಖ, ಅಳುವ ಮುಖದ ಚಿತ್ರ ಮುಂದಿಟ್ಟು, "ಇದ್ರಲ್ಲಿ ನೀವ್ಯಾರು?" ಎಂದಳು. ಅವನು ತುಂಬ ಹೊತ್ತು ನೋಡಿದ. "ಪಾಪ, ಇವ್ರಿಗೆ ಕಿವಿನೇ ಇಲ್ಲ," ಎಂದು ಮರುಕದಿಂದ ವಾಪಸು ಕೊಟ್ಟ.

ಸಂಘಮಿತ್ರ ಚಿತ್ರಗಳನ್ನು ಬ್ಯಾಗಿಗೆ ತುರುಕಿದಳು. "ದಿನಾ ಏನೇನ್ ಮಾಡ್ತೀರೋ ತೋರ್ಸಿ. ಹೋಗಣ."

ಅವನು ಎದ್ದ. ಹಿಪ್ಪುನೇರಳೆ ಸೊಪ್ಪು ತೋರಿಸಿದ, ರೇಷ್ಮೆಹುಳದ ಮನೆ ತೋರಿಸಿದ. ಆಮೇಲೆ ಬೀಗ ಹಾಕಿದ ಪಕ್ಕದ ಮನೆಗೆ ಹೋಗಿ, ಮೆಟ್ಟಿಲ ಒಂದು ಮೂಲೆಗೆ ಒತ್ತಿ ಕೂತ. ಖಾಲಿ ಜಾಗದಲ್ಲಿ ಸಂಘಮಿತ್ರ ಕೂರಹೋದಳು.

"ಏಳು! ಅದು ಮುನಿಗಂಗವ್ವಂದು!" ಎಂದು ಗುಡುಗಿದ.

ಲಕ್ಷ್ಮಿದೇವಮ್ಮ ಅವಳನ್ನು ಪಕ್ಕಕ್ಕೆಳೆದಳು. "ಪಕ್ಕದ್ಮನೆ ಮುದುಕಿ, ಮುನಿಗಂಗಮ್ಮ. ಬೆಳಗೆದ್ರೆ ಇಬ್ರೂ ಇಲ್ಲೇ ಕಾಫಿ ಕುಡೀತಿದ್ರು. ಯುಗಾದಿಗೆ ಮುಂಚೆ ಹೋಗ್ಬಿಟ್ಲು. ಇವನಿಗೇನ್ ತಿಳಿಯುತ್ತೆ ಅಂತ, ತಿರುಪತಿಗೆ ಹೋಗವ್ಳೆ ಅಂದ್ವಿ."

"ಲಡ್ಡು ತಂದಿಲ್ಲ," ಎಂದ ಕೋನಪ್ಪ. "ಬಂದೇ ಇಲ್ಲ. ನನ್ಮೇಲೆ ಕೋಪ ಅವಳ್ಗೆ."

ಸಂಘಮಿತ್ರಳಿಗೆ ಬಂದ ನಗು ಬಾಯಲ್ಲೇ ಉಳಿಯಿತು. ಅವನೆದುರು ಮಂಡಿಯೂರಿದಳು. "ಕೋಪ ಇಲ್ಲಣ್ಣ. ಮುನಿಗಂಗಮ್ಮ ಸತ್ತೋದ್ರು. ಇನ್ನು ಬರಲ್ಲ."

"ಸತ್ಲಾ?"

"ಹೌದು."

ಬೀದಿಯವರೆಲ್ಲ ಹೊರಬರುವಂತೆ ಕೋನಪ್ಪ ಅತ್ತ. ನಡುನಡುವೆ ಅಕ್ಕನತ್ತ ತಿರುಗಿ, "ಸುಳ್ಳಿ! ತಿರುಪತಿಯಂತೆ!" ಎಂದು ಬೈದ. ಲಕ್ಷ್ಮಿದೇವಮ್ಮ ಸೆರಗಿನಿಂದ ಅವನ ಮೂಗು ಒರೆಸಿದಳು, ಆಮೇಲೆ ತನ್ನ ಕಣ್ಣನ್ನೂ. ಅತ್ತು ಸುಸ್ತಾದವನು ಎರಡು ಮುದ್ದೆ ತಿಂದ.

ಸಂಜೆ ಮೂವರೂ ಊರಾಚೆ ಮುದುಕಿಯನ್ನು ಹೂಳಿದ ಮಣ್ಣುದಿಬ್ಬದ ಹತ್ತಿರ ಹೋದರು. ಕೋನಪ್ಪ ಚಕ್ಕಳಮಕ್ಕಳ ಹಾಕಿ ಕೂತು ಮುನಿಗಂಗಮ್ಮನಿಗೆ ಊರ ಸುದ್ದಿಯೆಲ್ಲ ಒಪ್ಪಿಸಿದ: ಓಬಳಮ್ಮನ ಎಮ್ಮೆ ಕರು ಹಾಕಿದ್ದು, ಅಕ್ಕ ಸಾರು ಸೀಯಿಸಿದ್ದು.

"ಅದನ್ನ್ಯಾಕೋ ಹೇಳ್ತೀಯ?" ಎಂದು ಸಿಡುಕಿದಳು ಲಕ್ಷ್ಮಿದೇವಮ್ಮ.

"ಸುಮ್ನಿರು," ಎಂದ ಕೋನಪ್ಪ. "ಮಾತಾಡ್ತಾ ಇದೀವಿ."