ತಡವರಿಸಿದ ಪ್ಯಾರಾ

ನಾಟಕದವರಿಗೆ ಮುಖ್ಯವಾದ ಮಾತನ್ನು ಇಮೇಲಿನಲ್ಲಿ ಕಳಿಸಬಾರದು. ಇಷ್ಟು ಸಣ್ಣ ವಿಷಯ, ಇಪ್ಪತ್ತೆರಡು ವರ್ಷ ಅದೇ ತಂಡದಲ್ಲಿ ಸವೆದ ಅಕ್ಕನಿಗೆ ಯಾಕೆ ಹೊಳೆಯಲಿಲ್ಲವೋ ದೇವರಿಗೇ ಗೊತ್ತು. ತಂಡದ ಮುಖ್ಯಸ್ಥೆಯಾಗಿ ಎರಡು ವರ್ಷವಾಗಿತ್ತು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹಿರಿಯರು ಕೂಡ. ಸೋಮವಾರ ಬೆಳಿಗ್ಗೆ ಅವಳು ಹದಿನಾಲ್ಕು ಪುಟದ ಯೋಜನೆಯೊಂದನ್ನು ಎಲ್ಲರಿಗೂ ಕಳಿಸಿ, ನಿಟ್ಟುಸಿರು ಬಿಟ್ಟು, ಉತ್ತರಕ್ಕಾಗಿ ಕಾದಳು. ಬುಧವಾರದವರೆಗೂ ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ವಿಷಯ ಸಣ್ಣದಾಗಿರಲಿಲ್ಲ. ಊರಿನಲ್ಲಿದ್ದದ್ದು ಎರಡು ನಾಟಕ ತಂಡ, ಎರಡು ರಂಗಮಂದಿರ. ಇನ್ನು ಮುಂದೆ ಎರಡನ್ನೂ ಸಾಕುವುದು ತನ್ನಿಂದಾಗದು, ಒಂದೇ ಸೂರಿನಡಿ ಒಂದಾದರೆ ಸರಿ, ಇಲ್ಲವಾದರೆ ಎರಡಕ್ಕೂ ಬೀಗ ಎಂದು ಸಂಸ್ಕೃತಿ ಇಲಾಖೆ ಖಡಾಖಂಡಿತವಾಗಿ ಹೇಳಿಬಿಟ್ಟಿತ್ತು. ಶುಕ್ರವಾರ ಇನ್ನೊಂದು ತಂಡದವರೊಂದಿಗೆ ಸಭೆ. ತನ್ನವರೆಲ್ಲ ಒಪ್ಪಿದರೆ ಮಾತ್ರ ಸಹಿ ಹಾಕುವೆನೆಂದು ಅಕ್ಕ ಮಾತು ಕೊಟ್ಟಿದ್ದಳು. ಒಪ್ಪದಿದ್ದರೆ ನಲವತ್ತು ವರ್ಷದ ತಂಡ ಅವಳ ಕೈಯಲ್ಲೇ ಮುಗಿದ ಹಾಗೆ.

"ಯಾರೂ ಓದಿಲ್ಲ," ಎಂದಳು ಗಡಿಯಾರಮ್ಮ, ಬುಧವಾರ ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ನಿಂತು. ರಂಗದ ಹಿಂದಿನ ಕೆಲಸವೆಲ್ಲ ಅವಳ ಉಸ್ತುವಾರಿ. ತಾಲೀಮಿಗೆ ಒಂದು ನಿಮಿಷ ತಡವಾದರೂ ಬಾಗಿಲು ಹಾಕಿಕೊಳ್ಳುವವಳಾದ್ದರಿಂದ ಆ ಹೆಸರು. "ಹದಿನಾಲ್ಕು ಪುಟ ಮೊಬೈಲಲ್ಲಿ ಓದೋಕೆ ಅವರಿಗೇನು ಬೇರೆ ಕೆಲ್ಸ ಇಲ್ವಾ? ನಾಳೆ ಹತ್ತಕ್ಕೆ ಎಲ್ರನ್ನೂ ಮೇಜಿಗೆ ಕೂರಿಸ್ತೀನಿ."

"ಇದು ನಾಟಕ ಅಲ್ಲಮ್ಮ."

"ಹೊಸ ಬರಹ ತಾನೇ? ಹೊಸ ಬರಹ ಬಂದ್ರೆ ಮೇಜಿನ ಮೇಲೆ ಓದ್ಬೇಕು. ನೀವೇ ನಂಗೆ ಕಲಿಸಿದ್ದು."

ಅದು ಅಕ್ಕನ ತಂಡದ ಪದ್ಧತಿ. ಹೊಸ ನಾಟಕ ಕೈಗೆ ಬಂದರೆ ನಟರಿಂದ ಹಿಡಿದು ಬಡಗಿಯವರೆಗೆ, ಟಿಕೆಟ್ ಕೊಡುವವಳವರೆಗೆ ಎಲ್ಲರೂ ತಾಲೀಮು ಕೋಣೆಯ ಉದ್ದನೆಯ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಕೊನೆಯ ಪದ ಮುಗಿಯುವವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ಓದುವವರ ನಾಲಿಗೆ ಎಲ್ಲಿ ತಡವರಿಸಿತೋ ಅಲ್ಲಿ ಗಡಿಯಾರಮ್ಮ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ. ತಪ್ಪು ಓದಿದವರದಲ್ಲ, ಬರೆದವರದು. ಆ ಸಾಲನ್ನು ಅವರು ತಿದ್ದಿ ಬರೆಯಲೇಬೇಕು. ಇದರ ವಿರುದ್ಧ ರೇಗಾಡಿದ ನಾಟಕಕಾರರೂ ಉಂಟು. ಗೆದ್ದವರು ಯಾರೂ ಇಲ್ಲ.

ಅಕ್ಕನಿಗೆ ಉಳಿದ ಹದಿಮೂರು ಪುಟಗಳ ಭಯವಿರಲಿಲ್ಲ. ಇದ್ದದ್ದು ಒಂಬತ್ತನೇ ಪುಟದ್ದು. ಅದರ ಮೂರನೇ ಪ್ಯಾರಾ ಹೀಗಿತ್ತು: ವಸ್ತ್ರಾಲಂಕಾರ ಘಟಕವನ್ನು ಬಾಹ್ಯ ಸೇವಾ ಮಾದರಿಗೆ ವರ್ಗಾಯಿಸುವ ಮೂಲಕ ಮಾನವ ಸಂಪನ್ಮೂಲದ ಸಮರ್ಪಕ ಮರುಹೊಂದಾಣಿಕೆಯನ್ನು ಸಾಧಿಸುವುದು. ವಸ್ತ್ರಾಲಂಕಾರ ಘಟಕವೆಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು ಮತ್ತು ಅವಳ ಸೋದರಮಾವ. ಬಾಹ್ಯ ಸೇವೆಯೆಂದರೆ ಬಟ್ಟೆ ಬಾಡಿಗೆಗೆ ತರುವುದು. ಮರುಹೊಂದಾಣಿಕೆಯೆಂದರೆ ಏನೆಂದು ಹೇಳಬೇಕಾಗಿಲ್ಲ.

ಅವಳನ್ನು ತಂಡಕ್ಕೆ ತಂದವನೇ ಆ ಮಾವ. ಹದಿನೇಳನೇ ವಯಸ್ಸಿನಲ್ಲಿ ನಟಿಯಾಗುತ್ತೇನೆಂದು ಹಟ ಹಿಡಿದವಳನ್ನು ಕರೆತಂದು, ಎರಡು ತಿಂಗಳು ಗುಂಡಿ ಹೊಲಿಯಲು ಕೂರಿಸಿ, ನಾಲ್ಕು ಸಣ್ಣ ಪಾತ್ರ ಮಾಡಿಸಿ, ಕೊನೆಗೆ ಒಂದು ದಿನ ಪಾತ್ರದ ಅಂಗಿಗೆ ಅಳತೆ ತೆಗೆಯುತ್ತಾ ಹೇಳಿದ್ದ: "ನಿಂಗೆ ಅಭಿನಯ ಬರಲ್ಲ ಕಣೇ. ಆದ್ರೆ ನೀನು ಇದ್ದ ಕಡೆ ಎಲ್ರೂ ಹೇಳಿದ ಕೆಲ್ಸ ಮುಗಿಸ್ತಾರೆ. ಅದನ್ನ ಹಿಡ್ಕೋ." ಅವತ್ತು ಅವಳು ಗೋಳೋ ಅಂತ ಅತ್ತಿದ್ದಳು. ಆಮೇಲೆ ಅವಳ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತು. ಅಂಥ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಹೇಳಲು ಬಾಯಿ ಬರದೆ, ಇಲಾಖೆಯ ಸಲಹೆಗಾರರು ಕೊಟ್ಟ ಪದಗಳ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಇದನ್ನು ಹೇಡಿತನವೆನ್ನದೆ ಬೇರೇನೆನ್ನುವುದು.

ಗುರುವಾರ ಹತ್ತು ಗಂಟೆಗೆ ಹತ್ತೊಂಬತ್ತು ಜನ ಮೇಜಿನ ಸುತ್ತ ಕೂತರು. ಕಿಟಕಿಯಿಂದ ಬಿಸಿಲು ಹಾಳೆಗಳ ಮೇಲೆ ಬಿದ್ದಿತ್ತು. ಮಾವ ಅಕ್ಕನ ಬಲಗಡೆಯ ಕುರ್ಚಿ ಹಿಡಿದ, ಅಂಗಿಯ ಕಾಲರಿನಲ್ಲಿ ಎಂದಿನಂತೆ ಎರಡು ಗುಂಡುಸೂಜಿ. ಓದು ಬಲಗಡೆಯಿಂದ ಬರುತ್ತದೆ, ಮೊದಲು ಮಾವ, ಆಮೇಲೆ ತಾನು ಎಂದು ಅವಳು ಲೆಕ್ಕ ಹಾಕಿದಳು.

ಓದು ಶುರುವಾಯಿತು. ತಂಡದ ಹಿರಿಯ ನಟ, ಎಲ್ಲರ ಬಾಯಲ್ಲಿ ಗುಡುಗಣ್ಣ, 'ಸಾಂಸ್ಥಿಕ ಪುನರ್‌ರಚನೆ' ಎಂಬ ಪದವನ್ನು ಸಿಂಹಾಸನ ಬಿಟ್ಟುಕೊಡುವ ರಾಜನ ಧಾಟಿಯಲ್ಲಿ ಓದಿದ. ಬಡಗಿ ಪುಟಸಂಖ್ಯೆಯನ್ನೂ ಸೇರಿಸಿ ಓದಿದ. ಯಾರೂ ತಡವರಿಸಲಿಲ್ಲ. ಎಂಥ ಕಬ್ಬಿಣದ ಕಡಲೆ ಕೊಟ್ಟರೂ ಅಗಿಯುವ ಬಾಯಿಗಳು ಅವು. ಅಕ್ಕ ಮಾತ್ರ ಪ್ಯಾರಾಗಳನ್ನು ಎಣಿಸುತ್ತಿದ್ದಳು. ಎಂಟನೇ ಪುಟದ ಹೊತ್ತಿಗೆ ಲೆಕ್ಕ ಸಿಕ್ಕಿತು. ಒಂಬತ್ತನೇ ಪುಟದ ಮೂರನೇ ಪ್ಯಾರಾ ಸರಿಯಾಗಿ ಮಾವನ ಪಾಲಿಗೇ ಬರುತ್ತಿತ್ತು. ತನ್ನ ಕೆಲಸ ಹೋಗುವ ಸುದ್ದಿಯನ್ನು ಆತ ತಾನೇ ಗಟ್ಟಿಯಾಗಿ ಓದಬೇಕಿತ್ತು.

ಎದ್ದು ಓದನ್ನು ನಿಲ್ಲಿಸಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ಮಾವನ ಆಚೆ ಪಕ್ಕದಲ್ಲಿದ್ದ ಟಿಕೆಟ್ಟಿನ ಹುಡುಗಿ ತನ್ನ ಪಾಲಿನ ಎರಡನೇ ಪ್ಯಾರಾಕ್ಕೆ ನಿಲ್ಲಲಿಲ್ಲ. ಒಂದೇ ಉಸಿರಿಗೆ ಮಾವನ ಪಾಲಿನ ಮೂರನೆಯದಕ್ಕೂ ಹೋಗಿ, ಅದರ ಹೊಸ್ತಿಲಲ್ಲೇ ಕೆಮ್ಮಿ, "ಗಂಟಲು ಕಟ್ತು, ಅಕ್ಕ ಓದ್ಲಿ," ಎಂದು ಕೈ ತೋರಿಸಿದಳು. ಮಾವನನ್ನು ದಾಟಿ ಸರದಿ ಅವಳಿಗೆ ಬಂತು. ಅದು ಹೇಗಾಯಿತೆಂದು ಆಮೇಲೆ ಕೇಳಿದರೆ, ಹಾಳೆ ಅಂಟಿಕೊಂಡಿತ್ತು ಎಂದಳು. ಮಾವನ ಸೂಜಿಗೆ ದಿನಾ ಬೆಳಿಗ್ಗೆ ದಾರ ಪೋಣಿಸಿಕೊಡುತ್ತಿದ್ದವಳು ಆ ಹುಡುಗಿಯೇ ಎಂಬುದು ಅಕ್ಕನಿಗೆ ಆಗ ಗೊತ್ತಿರಲಿಲ್ಲ. ಇಮೇಲನ್ನು ಕೊನೆಯ ಪುಟದವರೆಗೆ ಓದಿದವರು ಒಬ್ಬರಾದರೂ ಇದ್ದರು.

"ವಸ್ತ್ರಾಲಂಕಾರ ಘಟಕವನ್ನು ಬಾಹ್ಯ..." ಎಂದಳು ಅಕ್ಕ. ನಿಂತಳು. "ಬಾಹ್ಯ ಸೇವಾ... ಮಾದರಿಗೆ..." ಮತ್ತೆ ನಿಂತಳು. ಪಕ್ಕದಲ್ಲಿ ಮಾವನ ಕೈ ಹಾಳೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೂರನೇ ಸಲ ಹೇಗೋ ಮುಗಿಸಿದಳು. ಪೆನ್ಸಿಲು ಕಾಗದದ ಮೇಲೆ ಸರಿದ ಸದ್ದು ಎಲ್ಲರಿಗೂ ಕೇಳಿಸಿತು.

ಪದ್ಧತಿಯಂತೆ ಉಳಿದ ಐದು ಪುಟವೂ ಓದಿ ಮುಗಿಯಿತು. ಗಡಿಯಾರಮ್ಮ ಕನ್ನಡಕ ಸರಿಮಾಡಿಕೊಂಡಳು.

"ಗುರುತು ಒಂದೇ. ಒಂಬತ್ತನೇ ಪುಟ. ಬರೆದವರು ಯಾರು?"

"ನಾನೇ."

"ಹಾಗಾದ್ರೆ ಬಾಯಿಗೆ ಬರೋ ಹಾಗೆ ಹೇಳಿ."

ಅಕ್ಕ ಕುರ್ಚಿಯನ್ನು ಬಲಕ್ಕೆ ತಿರುಗಿಸಿಕೊಂಡಳು. "ಮಾವ, ಎರಡು ತಂಡ ಒಂದಾದ್ಮೇಲೆ ಬಟ್ಟೆ ಬಾಡಿಗೆಗೆ ತರ್ತೀವಿ. ನಿಮ್ಮ ಕೆಲ್ಸ ಇರಲ್ಲ. ಈ ಸೀಸನ್ ಮುಗಿಯೋವರೆಗೆ ಅಷ್ಟೇ. ಇದನ್ನ ಮೊದಲು ನಿಮಗೊಬ್ಬರಿಗೇ ಹೇಳ್ಬೇಕಿತ್ತು. ಧೈರ್ಯ ಬರಲಿಲ್ಲ. ನನ್ನಿಂದ ತಪ್ಪಾಯ್ತು."

ಗುಡುಗಣ್ಣನಂಥವನೂ ಗುಡುಗುವುದನ್ನು ಮರೆತ.

"ಈಗ ತಡವರಿಸಲಿಲ್ಲ," ಎಂದ ಮಾವ, ಗಡಿಯಾರಮ್ಮನ ಕಡೆ ನೋಡಿ. ಆಮೇಲೆ ಹೇಳಿದ: "ಸೋಮವಾರದಿಂದ ಆ ಪ್ಯಾರಾ ಹತ್ತು ಸಲ ಓದಿದೀನಿ. ಅದರೊಳಗೆ ನಾನಿದೀನಾ ಇಲ್ವಾ ಅಂತ್ಲೇ ಗೊತ್ತಾಗ್ಲಿಲ್ಲ. ಹೋಗು ಅಂದ್ರೆ ಹೋಗ್ತೀನಮ್ಮ. ಎರಡು ವರ್ಷದಿಂದ ಸೂಜಿ ಕಣ್ಣು ಕಾಣ್ತಿಲ್ಲ. ಹೇಳಿದ್ರೆ ಮಾವ ಅಂತ ನನ್ನ ಇಟ್ಕೋತೀಯ, ಆಮೇಲೆ ನಾಲ್ಕು ಜನ ನಿನ್ನ ಆಡ್ಕೋತಾರೆ ಅಂತ ಬಾಯಿ ಮುಚ್ಕೊಂಡಿದ್ದೆ. ನೀನೂ ಸುಮ್ಮನೆ, ನಾನೂ ಸುಮ್ಮನೆ. ಒಳ್ಳೇ ಜೋಡಿ."

ಯಾರೋ ನಕ್ಕರು, ಟಿಕೆಟ್ಟಿನ ಹುಡುಗಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಮಾತು ಕಟ್ಟೆಯೊಡೆದಂತೆ ಬಂತು. ಬಡಗಿ ತನ್ನ ಗತಿಯೇನೆಂದು ನೇರವಾಗಿ ಕೇಳಿದ, ಅಕ್ಕ ನೇರವಾಗಿ ಹೇಳಿದಳು. ವರ್ಷಕ್ಕೆ ಎರಡು ನಾಟಕ ಕಡಿಮೆಯೆಂದಾಗ ಗುಡುಗಣ್ಣ ಅರ್ಧ ಗಂಟೆ ಜಗಳವಾಡಿ, ಒಂದು ನಾಟಕ ಉಳಿಸಿಕೊಂಡ. ಮಧ್ಯಾಹ್ನ ಮೂರಕ್ಕೆ ಹದಿನಾಲ್ಕು ಪುಟ ಐದಾಗಿತ್ತು, ಹತ್ತೊಂಬತ್ತು ಕೈ ಮೇಲೆದ್ದಿತ್ತು. ಮಾವನದು ಎಲ್ಲರಿಗಿಂತ ಮೊದಲು.

ಶುಕ್ರವಾರ ಇನ್ನೊಂದು ತಂಡದ ರಂಗಮಂದಿರದಲ್ಲಿ ಅವರ ಕಡೆಯವರು ಕೈಕಟ್ಟಿ ಕೂತಿದ್ದರು. ಸಾಲಾಗಿ ಬಿಗಿದ ಮುಖಗಳು. ಅಕ್ಕ ಓದಲು ಎದ್ದಾಗ ಮಾವ ಅವಳ ಕೈಯಿಂದ ಒಂದು ಹಾಳೆ ತೆಗೆದುಕೊಂಡ. "ಇದು ನನ್ನ ಪ್ಯಾರಾ. ನಾನೇ ಓದ್ತೀನಿ."

ಎದ್ದು ನಿಂತು, ಹಾಳೆಯನ್ನು ತೋಳುದ್ದ ದೂರ ಹಿಡಿದು ಓದಿದ: "ನಮ್ಮಲ್ಲಿ ಮೂವತ್ತೊಂದು ವರ್ಷ ಬಟ್ಟೆ ಹೊಲಿದ ಒಬ್ಬನ ಕೆಲಸ ಈ ಸೀಸನ್ನಿಗೆ ಮುಗಿಯುತ್ತದೆ. ಅವನು ನಾನು. ಹೋಗುವ ಮುಂಚೆ ನಿಮ್ಮಲ್ಲಿ ಯಾರಿಗಾದರೂ ಹೊಲಿಗೆ ಕಲಿಯುವ ಮನಸ್ಸಿದ್ದರೆ ಕಲಿಸುತ್ತೇನೆ."

ಎದುರಿನ ಸಾಲಿನಲ್ಲಿ ಅವರ ರಂಗದ ಬೆಳಕು ನೋಡಿಕೊಳ್ಳುವವಳು ಕಟ್ಟಿದ ಕೈ ಬಿಟ್ಟಳು. ತನ್ನ ಮುಖ್ಯಸ್ಥರ ಕಡೆ ತಿರುಗಿ, "ಸರ್, ನಮ್ಮಲ್ಲಿ ಯಾರ್ ಯಾರು ಹೋಗ್ತೀವಿ ಅಂತ ನೀವೂ ಹೀಗೇ ಹೇಳ್ಬಿಡಿ. ನಮಗೂ ಸಾಕಾಗಿದೆ," ಎಂದಳು. ಆತ ಬೆವರೊರೆಸಿಕೊಂಡು, ಜೇಬಿನಿಂದ ಮಡಚಿದ ಕಾಗದ ತೆಗೆದು, ಹೋಗುವವರ ಹೆಸರು ಒಂದೊಂದಾಗಿ ಓದಿದ. ಅವತ್ತು ಸಂಜೆ ಐದಕ್ಕೆ ಎರಡೂ ಕಡೆಯ ಸಹಿ ಬಿತ್ತು.

ಹೊರಗೆ ಬಸ್ ನಿಲ್ದಾಣದ ಬೆಂಚಿನಲ್ಲಿ ಇಬ್ಬರೇ ಕೂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. "ಮಾವ, ನಾನು ನಿಮ್ಮ ಕೆಲ್ಸ ತೆಗೆದೆ. ನೀವು ಎರಡು ತಂಡ ಉಳಿಸಿಕೊಟ್ರಿ. ನಿಮ್ಮ ಋಣ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ."

"ತೀರಿಸು ಅಂತ ಕೇಳಿದೋರ್ಯಾರು," ಎಂದ ಮಾವ. ಅವಳ ತಲೆ ಸವರಿದ. "ಆದ್ರೆ ನನ್ನ ತೆಗೆದಿದೀಯ ಅಂತ ನಿಮ್ಮಮ್ಮನಿಗೆ ನೀನೇ ಹೇಳ್ಬೇಕು. ನಮ್ಮಕ್ಕನ ಬಾಯಿಗೆ ಬೀಳೋಷ್ಟು ಧೈರ್ಯ ನಂಗಿಲ್ಲ."

ಅಕ್ಕ ಫೋನು ತೆಗೆದಳು. ಆ ಕಡೆ ರಿಂಗಾಗುತ್ತಿದ್ದಂತೆ ಮಾವ ಬೆಂಚಿನ ಆ ತುದಿಗೆ ಸರಿಯಲು ನೋಡಿದ. ಅವಳು ತೋಳು ಹಿಡಿದು ಪಕ್ಕಕ್ಕೇ ಕೂರಿಸಿಕೊಂಡಳು. "ಅಮ್ಮಾ, ಮಾವನ ವಿಷಯ ಒಂದು ಹೇಳ್ಬೇಕು," ಎಂದು ಶುರುಮಾಡಿದಳು.