ಹಸಿರು ಗುರುತು

ಹೂ ಬಿಡುವ ಕಾಲ. ಜೇನು ತುಂಬಬೇಕಾದ ದಿನಗಳಲ್ಲಿ ದೊಡ್ಡಪ್ಪ ಹೊಲದ ಬದಿಗೆ ಗುಂಡಿ ತೋಡಿ ಜೇನುಪೆಟ್ಟಿಗೆಗಳನ್ನು ಸುಡುತ್ತಿದ್ದರು. ಮರಿಹುಳು ಕೊಳೆಯುವ ರೋಗ. ಜೇನುನೊಣಗಳನ್ನು ಹಿಂದಿನ ಸಂಜೆಯೇ ಕೊಂದಾಗಿತ್ತು. ತಮ್ಮನ ಮಗಳು ಎರಿಯ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದಳು. ಬೆಂಕಿಯಲ್ಲಿ ಮೇಣ ಚಟಪಟ ಎನ್ನುತ್ತಿತ್ತು.

“ಮೊದಲು ಒಂದೇ ಪೆಟ್ಟಿಗೆಗೆ ಬಂದಿದ್ದು ಕಣಮ್ಮ. ಎರಿ ಫೋಟೊ ತೆಗ್ದು ನಿಮ್ಮ ಜೇನು ಸಂಘದ ವೆಬ್‌ಸೈಟಿಗೆ ಹಾಕ್ದೆ. ‘ತಲುಪಿದೆ’ ಅಂತ ಹಸಿರು ಗುರುತೂ ಬಂತು. ಇಪ್ಪತ್ತು ದಿನ ಕಾದೆ, ನಿಮ್ಮ ಪರೀಕ್ಷಕರ ಸವಾರಿ ಈ ಕಡೆ ಬರ್ಲೇ ಇಲ್ಲ. ಫೋಟೊನೇ ಕೆಟ್ಟಿತ್ತೇನೋ. ನನ್ನ ಕೈ ನಡುಗತ್ತಲ್ಲ.”

ಅವಳು ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟಳು.

ಸಂಘದ ಆ ವೆಬ್‌ಸೈಟಿನ ಜಾವಾ ತಂತ್ರಾಂಶ ಬರೆದವಳು ಅವಳೇ. ಬಂದ ಕಡತ ನಿಜಕ್ಕೂ ಚಿತ್ರವೇ, ಎರಡು ಎಂಬಿಯೊಳಗಿದೆಯೇ ಎಂದು ಪರೀಕ್ಷಿಸಿದ ಮೇಲೆ ಗುರುತು ತೋರಿಸಬೇಕಿತ್ತು. ಪುಟ ನಿಧಾನವೆಂದು ಕಾರ್ಯದರ್ಶಿ ಗೊಣಗಿದ್ದಕ್ಕೆ, ಗುರುತನ್ನು ಮೊದಲು ತೋರಿಸಿ ಪರೀಕ್ಷೆ ಆಮೇಲೆ ನಡೆಯುವಂತೆ ಮಾಡಿದ್ದಳು. ಹೊಸ ಫೋನುಗಳ ಚಿತ್ರವೋ ನಾಲ್ಕು ಎಂಬಿ. ತಿರಸ್ಕಾರವಾದದ್ದೆಲ್ಲ ಯಾರೂ ಓದದ ಲಾಗ್ ಕಡತದಲ್ಲಿ ಒಂದೊಂದು ಸಾಲಾಗಿ ಬಿದ್ದಿತ್ತು. ಕಳೆದ ಶುಕ್ರವಾರ ಅದನ್ನು ತೆರೆದರೆ ನಲವತ್ತೊಂದು ಸಾಲು. ಹದಿನೇಳನೆಯದರಲ್ಲಿ ದೊಡ್ಡಪ್ಪನ ನಂಬರು. ಅಂದೇ ತಿದ್ದಿದ್ದಳು. ಯಾರಿಗೂ ಹೇಳಿರಲಿಲ್ಲ.

“ನಿಮ್ಮ ಕೈದೇನೂ ತಪ್ಪಿಲ್ಲ ದೊಡ್ಡಪ್ಪ. ಫೋಟೊ ದೊಡ್ಡದಿತ್ತು ಅಂತ ಪ್ರೋಗ್ರಾಮು ಬಿಸಾಕ್ತು. ಬಿಸಾಕೋ ಮುಂಚೆನೇ ‘ತಲುಪಿದೆ’ ಅಂದಿತ್ತು. ಹಾಗೆ ಬರೆದಿದ್ದು ನಾನೇ.”

ದೊಡ್ಡಪ್ಪ ಕೋಲಿನಿಂದ ಬೆಂಕಿ ಕೆದಕಿದರು. “ಅಂದ್ರೆ, ಮುಂಬಾಗಿಲಲ್ಲಿ ‘ಬನ್ನಿ ಬನ್ನಿ’ ಅಂದು ಹಿತ್ತಲಿಂದ ಆಚೆ ನೂಕಿದ್ಯಾ?”

“ಹೂಂ.”

“ಹನ್ನೊಂದು ಪೆಟ್ಟಿಗೆ ಕಣೇ.”

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

“ನನ್ನ ಹಾಗೆ ಇನ್ನೆಷ್ಟು ಜನ?”

“ನಲವತ್ತು.”

“ಅವರೂ ಕಾಯ್ತಾ ಕೂತಿರ್ತಾರೆ. ಹೇಳಿದ್ಯಾ?”

“ಇಲ್ಲ… ಸರಿ ಮಾಡಿದ್ದೀನಿ, ಇನ್ಮೇಲೆ ಹಾಗಾಗಲ್ಲ.”

“ಅದು ಮುಂದೆ ಕಳ್ಸೋರಿಗಾಯ್ತು.” ನೆಲದ ಮೇಲಿದ್ದ ಚೌಕಟ್ಟನ್ನು ಅವರೇ ಎತ್ತಿಕೊಂಡರು. “ಇದನ್ನ ನಾನು ನೋಡ್ಕೋತೀನಿ. ನೀನು ಫೋನ್ ತೆಗಿ.”

ಅವಳು ಕೈಯ ಮಸಿ ಒರೆಸಿಕೊಂಡು, ಪೆಟ್ಟಿಗೆ ತೆಗೆದು ಬರಿದಾದ ಕಾಲುಮಣೆಯ ಮೇಲೆ ಕೂತು ಫೋನಿನಲ್ಲಿ ಆ ನಂಬರುಗಳ ಪಟ್ಟಿ ತೆರೆದಳು. ಮೊದಲ ನಂಬರಿಗೆ ಕರೆ ಮಾಡಿದರೆ ಎರಡನೇ ರಿಂಗಿಗೇ ಹೆಂಗಸೊಬ್ಬಳ ದನಿ ಬಂತು.

“ಅಯ್ಯೋ, ಸಂಘದೋರಾ? ಅಂತೂ ನನ್ನ ಫೋಟೊ ನೋಡಿದ್ರಲ್ಲ! ಯಾವಾಗ ಬರ್ತೀರಿ?”